ಸತ್ತವರ ಪದಕ ಬಲಗಡೆ

"ಮುಟ್ಟಬೇಡಿ ಮೇಡಂ, ಅದು ಸಾಕ್ಷಿ," ಎಂದ ಇನ್ಸ್‌ಪೆಕ್ಟರ್.

ಅವನು ಹೇಳುವಷ್ಟರಲ್ಲಿ ನಾನು ಮುಟ್ಟಿ, ಮಡಿಕೆ ಬಿಡಿಸಿ, ಕೋಟನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಾಗಿತ್ತು.

ನೌಕಾಪಡೆಯ ಹಳೆಯ ಕಡುನೀಲಿ ಕೋಟು. ಹಡಗಿನ ಬಡಗಿಯಾಗಿದ್ದ ಮುದುಕ ವರ್ಷಕ್ಕೊಮ್ಮೆ, ಸಮುದ್ರದಲ್ಲಿ ಸತ್ತವರ ನೆನಪಿನ ಸಭೆಗೆ ಮಾತ್ರ ಅದನ್ನು ಹಾಕಿಕೊಳ್ಳುತ್ತಿದ್ದ. ಮುಳುಗಿದ ಹಡಗಿನಿಂದ ಬದುಕಿ ಬಂದವನು ಅವನೊಬ್ಬನೇ ಎಂದು ಸಭೆಯಲ್ಲಿ ಅವನಿಗೆ ಮುಂದಿನ ಕುರ್ಚಿ. ಈ ವರ್ಷ ಕೋಟು ಹಾಕಿಕೊಂಡ ಬೆಳಿಗ್ಗೆಯೇ ಹಿತ್ತಲ ಕಲ್ಲುಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಎದೆಯ ಮೇಲಿದ್ದ ಐದು ಪದಕಗಳಲ್ಲಿ ನಾಲ್ಕು ಕಾಣೆ. ಒಬ್ಬನೇ ಮಗ ಲಾಕಪ್ಪಿನಲ್ಲಿ.

"ಇದರಲ್ಲಿ ಬಗೆಹರಿಸೋಕೆ ಏನೂ ಉಳಿದಿಲ್ಲ ಮೇಡಂ. ಹಿಂದಿನ ಸಂಜೆ ಮಗ ಕೂಗಾಡಿದ್ದು ಇಡೀ ಬೀದಿ ಕೇಳಿದೆ. 'ಆ ಪದಕಗಳನ್ನ ತಗೊಂಡೋಗಿ ಸಮುದ್ರಕ್ಕೆ ಎಸೀತೀನಿ' ಅಂದಿದಾನೆ. ಅವನ ಕೆಲಸವೂ ದೋಣಿ ಎಂಜಿನ್ ರಿಪೇರಿ. ಎಸೆಯೋಕೆ ದೂರ ಹೋಗಬೇಕಾ?"

"ಯಾಕೆ ಕೂಗಾಡಿದ ಅಂತ ಕೇಳಿದೆಯಾ?"

"ಅಪ್ಪನಿಗೆ ಎದೆನೋವು ಇತ್ತಂತೆ, ಬಿಸಿಲಲ್ಲಿ ಸಭೆಗೆ ಹೋಗಬೇಡ ಅಂತ ಹೇಳಿದ್ನಂತೆ. ಈಗ ಎಲ್ಲರೂ ಹೀಗೇ ಹೇಳ್ತಾರೆ."

"ಎದೆನೋವಿನ ಅಪ್ಪನನ್ನ ಬಿಸಿಲಿಗೆ ಕಳಿಸಬಾರದು ಅಂತ ಕೂಗಾಡಿದವನು, ಮಾರನೇ ಬೆಳಿಗ್ಗೆ ಅವನನ್ನೇ ಮೆಟ್ಟಿಲಿಂದ ತಳ್ಳಿದ?"

ಇನ್ಸ್‌ಪೆಕ್ಟರ್ ಕಿವಿಯ ಹಿಂದೆ ಕೆರೆದುಕೊಂಡ. ಉತ್ತರ ಗೊತ್ತಿಲ್ಲದಾಗ ಹೀಗೆ ಕೆರೆದುಕೊಳ್ಳುವುದು ಅವನಿಗೆ ಮೀಸೆ ಬಂದಾಗಿನಿಂದ ಇರುವ ಚಾಳಿ. ನಾನು ಇಲಾಖೆಯಲ್ಲಿದ್ದಾಗ ಅವನು ನನ್ನ ಕೈಕೆಳಗೇ ಪಳಗಿದವನು. ಆಗ ನನಗೆ 'ಮೂಗು ಮೇಡಂ' ಎಂದು ಹೆಸರಿಟ್ಟ ಗುಂಪಿನಲ್ಲಿ ಇವನೂ ಇದ್ದ. ಎಲ್ಲದರಲ್ಲೂ ಮೂಗು ತೂರಿಸುತ್ತೇನೆ ಎಂದು ಆ ಹೆಸರು. ಇರಲಿ, ನಿವೃತ್ತಿಯಾದ ಮೇಲೆ ಅದೇ ಮೂಗು ನನ್ನ ಹೊಟ್ಟೆ ಹೊರೆಯುತ್ತಿದೆ.

ಕೋಟಿನ ಎಡ ಎದೆಯ ಮೇಲೆ ಒಂದೇ ಒಂದು ಕಂಚಿನ ಪದಕ ನೇತಾಡುತ್ತಿತ್ತು. ಯುದ್ಧದ ಕಾಲದಲ್ಲಿ ಹಡಗಿನಲ್ಲಿದ್ದವರಿಗೆಲ್ಲ ಕೊಟ್ಟಂಥ ಸಾದಾ ಪದಕ. ಇಂಥವುಗಳ ಅಂಚಿನಲ್ಲಿ ಪಡೆದವನ ಹೆಸರು, ಕಸುಬು ಕೆತ್ತಿರುತ್ತಾರೆ. ಇದರ ಅಂಚನ್ನು ಯಾರೋ ಕಲ್ಲಿಗೆ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ್ದರು.

"ಕಳ್ಳ ಬೆಳ್ಳಿಯವು ತಗೊಂಡ, ಕಂಚಿನದು ಬಿಟ್ಟ," ಎಂದ ಇನ್ಸ್‌ಪೆಕ್ಟರ್.

"ಈಗ ತಾನೇ ಮಗ ಸಮುದ್ರಕ್ಕೆ ಎಸೆದ ಅಂದೆ. ಎಸೆಯೋನಿಗೆ ಬೆಳ್ಳಿಯಾದ್ರೇನು, ಕಂಚಾದ್ರೇನು?"

ಮತ್ತೆ ಕಿವಿಯ ಹಿಂದಕ್ಕೆ ಕೈ ಹೋಯಿತು.

ನಾನು ಬಟ್ಟೆಯನ್ನು ಬೆಳಕಿಗೆ ಓರೆ ಹಿಡಿದೆ. ಎಡಗಡೆ, ಜೇಬಿನ ಮೇಲೆ, ನಾಲ್ಕು ಪದಕಗಳ ಉದ್ದನೆಯ ಪಟ್ಟಿ ಇದ್ದ ಜಾಗದಲ್ಲಿ ನೀಲಿ ಇನ್ನೂ ಗಾಢವಾಗಿತ್ತು. ವರ್ಷಗಟ್ಟಲೆ ಚುಚ್ಚಿ ಚುಚ್ಚಿ ಹಿಗ್ಗಿದ ತೂತುಗಳೂ ಇದ್ದವು. ಕಂಚಿನ ಪದಕದ ಪಿನ್ನು ಮಾತ್ರ ಆ ತೂತುಗಳಲ್ಲಿರಲಿಲ್ಲ. ಅದರ ಕೆಳಗೆ ಹೊಸದಾಗಿ ಚುಚ್ಚಿಕೊಂಡಿತ್ತು. ದಾರ ಇನ್ನೂ ಬಿಳಿಯಾಗಿ ಇಣುಕುತ್ತಿತ್ತು.

ಆಮೇಲೆ ಬಲಗಡೆ ನೋಡಿದೆ. ಅಲ್ಲಿ ಪದಕವಿಲ್ಲ. ಆದರೆ ಒಂದೇ ಪದಕ ಹಿಡಿಯುವಷ್ಟು ಸಣ್ಣ ಗಾಢ ನೀಲಿ ಚೌಕ, ಅದರ ನಡುವೆ ಹಿಗ್ಗಿದ ಹಳೆಯ ಎರಡು ತೂತು.

ಈ ಕಂಚಿನ ಪದಕ ಇಷ್ಟು ವರ್ಷ ಇದ್ದದ್ದು ಬಲಗಡೆ. ಯಾರೋ ಅದನ್ನು ಬಿಚ್ಚಿ ಎಡಗಡೆಗೆ ತಂದಿದ್ದಾರೆ. ಅವಸರದಲ್ಲಿ ಅಲ್ಲ, ಜೇಬಿನ ಅಂಚಿಗೆ ಸರಿಯಾಗಿ, ಅಳತೆ ನೋಡಿ, ನೇರವಾಗಿ.

"ಮುದುಕನೇ ಕನ್ನಡಿ ನೋಡ್ಕೊಂಡು ಚುಚ್ಚಿಕೊಳ್ಳೋವಾಗ ಎಡಬಲ ಗೊಂದಲ ಮಾಡಿಕೊಂಡಿರಬೇಕು," ಎಂದ ಇನ್ಸ್‌ಪೆಕ್ಟರ್. "ಮೇಡಂ, ಸಂಜೆ ಐದಕ್ಕೆ ವ್ಯಾನ್ ಬರುತ್ತೆ. ಕೊಲೆ ಅಂತ ಬರೆದು ದೊಡ್ಡ ಜೈಲಿಗೆ ಕಳಿಸ್ತೀನಿ. ಅಷ್ಟರೊಳಗೆ ಏನಾದ್ರೂ ತಂದರೆ ತನ್ನಿ. ಒಂದು ಪಿನ್ನಿನ ತೂತು ತಂದು ಕೇಸು ನಿಲ್ಲಿಸಿ ಅನ್ನಬೇಡಿ."

ಹೊರಗೆ ಹೋಗುವ ದಾರಿಯಲ್ಲೇ ಲಾಕಪ್ಪು. ಸರಳಿನ ಹಿಂದೆ ಮಗ ಗೋಡೆಗೆ ಒರಗಿ ಕೂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ಅವನ ಗಂಟಲು ಮಾತ್ರ ಮೈಗೆ ಹೊಂದದ್ದು, ಒಣಮರಕ್ಕೆ ಗರಗಸ ಹಾಕಿದ ಹಾಗೆ ಒರಟು. ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ.

"ಅಮ್ಮ ಊಟ ಮಾಡ್ತಿದಾಳಾ ಅಂತ ಸ್ವಲ್ಪ ನೋಡಿ ಮೇಡಂ," ಎಂದ. "ಅವಳ ಕೈಯಲ್ಲಿ ತಟ್ಟೆ ಎತ್ತೋಕೂ ಆಗಲ್ಲ."

ತನ್ನ ತಲೆಯ ಮೇಲೆ ಕತ್ತಿ ತೂಗುತ್ತಿದೆ, ಇವನಿಗೆ ಅಮ್ಮನ ತಟ್ಟೆಯ ಚಿಂತೆ. ಅವನು ಕೊಂದಿಲ್ಲ ಎಂದು ನನಗೆ ಅನ್ನಿಸಿದ್ದು ಅಲ್ಲೇ. ಅನ್ನಿಸಿಕೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ, ಅದು ಬೇರೆ ಮಾತು.

ಅವನ ಹೆಂಡತಿ ಠಾಣೆಯ ಕಟ್ಟೆಯ ಮೇಲೆ ಕೂತಿದ್ದಳು. ಗಂಡನನ್ನು ಹಿಡಿದು ತಂದ ದಿನದಿಂದ ಹಗಲೆಲ್ಲ ಅಲ್ಲೇ, ರಾತ್ರಿಯಾದರೆ ಹತ್ತಿರದಲ್ಲೇ ಇರುವ ಚಿಕ್ಕಮ್ಮನ ಮನೆಗೆ. ನನ್ನನ್ನು ಈ ಕೆಲಸಕ್ಕೆ ಕರೆದವಳೂ ಅವಳೇ. ಕಣ್ಣು ಊದಿಕೊಂಡಿದ್ದರೂ ಮಾತು ಖಡಕ್ಕು.

"ಪದಕ ಯಾರು ಚುಚ್ಚಿಕೊಟ್ಟದ್ದು ಅವತ್ತು?" ಎಂದೆ, ಅವಳನ್ನು ಎಬ್ಬಿಸಿಕೊಂಡು ನಡೆಯುತ್ತಾ.

"ನಾನೇ ಮೇಡಂ. ಪ್ರತಿ ವರ್ಷ ನಾನೇ. ಅತ್ತೆಗೆ ಬೆರಳು ಮಡಿಚಿಕೊಂಡುಬಿಟ್ಟಿವೆ, ಅವರ ರವಿಕೆ ಗುಂಡಿ ಹಾಕೋಳೂ ನಾನೇ. ಮಾವನಿಗೂ ಹಡಗು ಮುಳುಗಿದಾಗ ಕತ್ತು, ಕೈ ಸುಟ್ಟಿತ್ತಲ್ಲ, ಸಣ್ಣ ಪಿನ್ನು ಹಿಡಿಯೋಕಾಗ್ತಿರಲಿಲ್ಲ. ಎಡಗಡೆ ನಾಲ್ಕು, ಬಲಗಡೆ ಒಂದು. ಚುಚ್ಚಿಕೊಟ್ಟು ತರಕಾರಿ ತರೋಕೆ ಹೋದೆ. ಬರೋಷ್ಟರಲ್ಲಿ..."

"ಬಲಗಡೆ ಯಾಕೆ ಒಂದು?"

"ಅದು ಅವರಲ್ಲಿ ಪದ್ಧತಿ. ನಮ್ಮ ಸ್ವಂತ ಪದಕ ಎಡಗಡೆ, ಹೃದಯದ ಮೇಲೆ. ಸತ್ತ ನಮ್ಮವರ ಪದಕ ಹಾಕಿಕೊಂಡರೆ ಅದು ಬಲಗಡೆ. ಸಭೆಗೆ ಹೋಗಿ ನೋಡಿ, ವಿಧವೆಯರು, ಮಕ್ಕಳು ಎಲ್ಲಾ ಬಲಗಡೆ ಹಾಕಿಕೊಂಡು ನಿಂತಿರ್ತಾರೆ. ನನ್ನ ಗಂಡ ಮೂರು ವರ್ಷದ ಕೂಸಾಗಿದ್ದಾಗಲೇ ಇದನ್ನ ಬಾಯಿಪಾಠ ಮಾಡಿದ್ನಂತೆ. ಬಲಗಡೆದು ಮಾವನ ಸ್ನೇಹಿತನದು. ಬಾಯ್ಲರ್ ಕೆಲಸದವನು. ಹಡಗಿನ ಜೊತೆ ಮುಳುಗಿದ."

ನಾನು ರಸ್ತೆಯ ನಡುವೆಯೇ ನಿಂತೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ನನ್ನ ವಂಶವನ್ನೆಲ್ಲ ಹರಸಿ ಹೋದ.

"ಹಾಗಾದ್ರೆ ನಿನ್ನ ಗಂಡ ಆ ಕಂಚಿನ ಪದಕವನ್ನ ಎಡಗಡೆಗೆ ಚುಚ್ಚೋಕೆ ಸಾಧ್ಯವೇ ಇಲ್ಲ."

"ಯಾಕೆ ಚುಚ್ಚುತ್ತಾನೆ? ಅದು ಸತ್ತವನದು. ಎಡಕ್ಕೆ ಹಾಕಿದ್ರೆ ಮಾವ ತನ್ನದು ಅಂತ ಸುಳ್ಳು ಹೇಳಿದ ಹಾಗೆ. ಅವರು ಅದನ್ನ ಯಾವತ್ತೂ ಸಹಿಸ್ತಿರಲಿಲ್ಲ."

ಮುದುಕ ಕೆಳಗೆ ಬಿದ್ದ ಮೇಲೆ ಯಾರೋ ಅವನ ಪಕ್ಕ ಕೂತು ನಾಲ್ಕು ಪದಕ ಬಿಚ್ಚಿಕೊಂಡಿದ್ದಾರೆ. ಅಷ್ಟಕ್ಕೇ ಬಿಡದೆ, ಐದನೆಯದನ್ನು ಸತ್ತವರ ಕಡೆಯಿಂದ ಸ್ವಂತದ ಕಡೆಗೆ ದಾಟಿಸಿದ್ದಾರೆ. ಕಳ್ಳನಿಗೆ ಈ ಉಸಾಬರಿ ಬೇಡ. ಪದ್ಧತಿ ಗೊತ್ತಿಲ್ಲದವನಿಗೆ ಹೊಳೆಯುವುದೇ ಇಲ್ಲ. ಪದ್ಧತಿ ಗೊತ್ತಿದ್ದು, ಆ ಕಂಚಿನ ಪದಕ ಸತ್ತು ಬಿದ್ದಿರುವವನದೇ ಎಂದು ಖಚಿತವಾಗಿ ತಿಳಿದವನು ಮಾತ್ರ ಹೀಗೆ ಮಾಡುತ್ತಾನೆ. ಇದು ನಿನ್ನದು, ಅವು ನಿನ್ನವಲ್ಲ ಎಂದು ಹೇಳಿ ಹೋದ ಹಾಗೆ.



"ಆ ನಾಲ್ಕರ ಕಥೆ ಗೊತ್ತಾ ನಿನಗೆ?" ಎಂದೆ.

"ಗೊತ್ತಿಲ್ಲದೆ? ಮದುವೆಯಾಗಿ ಬಂದಾಗಿಂದ ಕೇಳಿದೀನಿ." ಅವಳ ಮುಖದಲ್ಲಿ ಅಂದು ಮೊದಲ ಬಾರಿಗೆ ನಗೆಯ ಎಳೆ ಕಂಡಿತು. "ಮೊದಲನೇದು ಯುದ್ಧದ್ದು. ಗುಂಡು ಬಿದ್ದು ಹಡಗಿನ ಹೊಟ್ಟೆ ತೂತಾಯ್ತು. ಬಡಗಿ ಹಲಗೆ, ಬೆಣೆ, ಹಾಸಿಗೆ, ಸಿಕ್ಕಿದ್ದನ್ನೆಲ್ಲ ತುರುಕಿ, ಎದೆಮಟ್ಟದ ನೀರಲ್ಲಿ ಇಡೀ ರಾತ್ರಿ ಬೆನ್ನು ಕೊಟ್ಟು ನಿಂತ. ಎರಡನೇದು ದೂರದ ಸಮುದ್ರದ ಕಾವಲಿಗೆ. ಮೂರನೇದು ಪ್ರವಾಹದ್ದು. ಊಟದ ಮೇಜುಗಳನ್ನ ಕಿತ್ತು ತೆಪ್ಪ ಕಟ್ಟಿ, ಮನೆ ಮಾಡಿನ ಮೇಲೆ ಕೂತಿದ್ದ ಜನರನ್ನ ಇಳಿಸಿಕೊಂಡು ಬಂದ. ನಾಲ್ಕನೇದು ನಂಗೆ ತುಂಬ ಇಷ್ಟ. ದೀರ್ಘ ಸೇವೆ, ಒಳ್ಳೇ ನಡತೆ. ಸೇರಿದಾಗಿಂದ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲದವರಿಗೆ ಕೊಡೋದಂತೆ."

"ಮಾವ ಚೆನ್ನಾಗಿ ಕಥೆ ಹೇಳ್ತಿದ್ರು ಅನ್ನು."

"ಮಾವನಾ? ಇಲ್ಲಪ್ಪ. ಅವರು ತುಟಿ ಬಿಚ್ಚಿದವರೇ ಅಲ್ಲ. ಹೇಳ್ತಿದ್ದದ್ದು ಅತ್ತೆ. ಮಾವ ಪಕ್ಕದಲ್ಲಿ ತಲೆ ಬಗ್ಗಿಸಿ ಕೇಳ್ತಾ ಕೂತಿರ್ತಿದ್ರು." ಅವಳು ಸ್ವಲ್ಪ ಯೋಚಿಸಿದಳು. "ಬೇರೆ ಯಾರದೋ ಕಥೆ ಕೇಳೋ ಹಾಗೆ."

ಅವಳು ಅದನ್ನು ಸುಮ್ಮನೆ ಹೇಳಿದ್ದು. ನಾನು ಸುಮ್ಮನೆ ಕೇಳಲಿಲ್ಲ.

"ಬಡಗಿ ಮನೆ ಅಂತೀರಿ, ನಿಮ್ಮ ಮನೆ ಬಾಗಿಲು ತೆಗೆಯೋಕೆ ನಿನ್ನೆ ನಾನು ಭುಜ ಕೊಡಬೇಕಾಯ್ತು," ಎಂದೆ.

"ಅಯ್ಯೋ, ಅದೊಂದು ದೊಡ್ಡ ತಮಾಷೆ ಮೇಡಂ ನಮ್ಮ ಬೀದೀಲಿ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ. ಬಾಗಿಲು ಕಚ್ಚಿಕೊಳ್ಳುತ್ತೆ, ಮಣೆಗೆ ಕಾಲು ಗಿಡ್ಡ, ಗೋಡೆಗೆ ಹೊಡೆದ ಒಂದು ಮೊಳೆಯೂ ನೆಟ್ಟಗಿಲ್ಲ. ಹಡಗು ಮುಳುಗಿದ ಮೇಲೆ ಮರ ಮುಟ್ಟಲ್ಲ ಅಂತ ಆಣೆ ಮಾಡಿದಾರೆ ಅಂತ ಅತ್ತೆ ಹೇಳೋರು. ಉಳಿ, ಕೀಸುಳಿ ಎಲ್ಲಾ ಒಳಕೋಣೆ ಪೆಟ್ಟಿಗೇಲಿ ಬೀಗ ಹಾಕಿಟ್ಟಿದಾರೆ."

ಮನೆ ಬಂತು. ಮುಂಬಾಗಿಲು ಗೋಡೆಗೆ ತಾಗುವಂತೆ ಹಾರುಹೊಡೆದಿತ್ತು. ಸಾವಿನ ಮನೆಗೆ ಬಂದುಹೋಗುವವರು ಇರುತ್ತಾರೆ, ಅದಕ್ಕೇ ಇರಬೇಕು ಎಂದುಕೊಂಡು ಒಳಗೆ ಕಾಲಿಟ್ಟೆ.

ಮುದುಕಿ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಎರಡು ಕೈ, ಒಣಗಿದ ಶುಂಠಿಯಂತೆ ಸೊಟ್ಟಗಾದ ಬೆರಳು. ಸೊಸೆಯನ್ನು ಕಂಡು ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಚ್ಚಿದಳು.

"ನೀನ್ಯಾಕೆ ಬಂದೆ? ಅವನ ಹತ್ತಿರ ಯಾರಿದ್ದಾರೆ?"

"ಮೇಡಂ ಕರ್ಕೊಂಡು ಬಂದ್ರು ಅತ್ತೆ. ಇರಿ, ಎಲ್ಲರಿಗೂ ಒಂದು ಲೋಟ ಟೀ ಮಾಡ್ತೀನಿ."

"ಬೇಡ! ಒಳಗೆ ಹೋಗಬೇಡ. ಹಾಲು ಒಡೆದಿದೆ. ಇಲ್ಲೇ ಕೂತ್ಕೋ."

ಸೊಸೆ ಹೊಸ್ತಿಲ ಬಳಿಯೇ ಕೂತಳು. ನಾನು ಮಣೆ ಎಳೆದುಕೊಂಡೆ. ಅದು ಒಂದು ಕಡೆ ವಾಲಿತು. ಕಿಟಕಿಯ ಕಟ್ಟೆಯ ಮೇಲೆ ಎರಡು ತಟ್ಟೆ ತೊಳೆದು ಒರಗಿಸಿದ್ದು ಕಂಡಿತು. ತಟ್ಟೆ ಎತ್ತಲಾಗದ ಮುದುಕಿಗೆ ಯಾರೋ ನೆರೆಯವರು ಬಂದು ಉಣ್ಣಿಸುತ್ತಿದ್ದಾರೆ, ಪುಣ್ಯಾತ್ಮರು ಎಂದುಕೊಂಡೆ. ಮೂಗು ಮೇಡಂ ಎಂದು ಹೆಸರು ಬೇರೆ ನನಗೆ.

"ಅಮ್ಮ, ಒಂದೇ ಪ್ರಶ್ನೆ ಕೇಳ್ತೀನಿ," ಎಂದೆ. "ಬಲಗಡೆ ಪದಕ ಯಾರದು?"

"ಅವರ ಸ್ನೇಹಿತನದು. ಬಾಯ್ಲರ್ ಕೆಲಸದವನು. ಪಾಪ, ಸತ್ತ."

"ಯಾವಾಗ ಸತ್ತ?"

"ಹಡಗು ಮುಳುಗಿದಾಗ."

"ಅಲ್ಲಮ್ಮ. ಮೊನ್ನೆ ಬೆಳಿಗ್ಗೆ ಸತ್ತ. ನಿಮ್ಮ ಹಿತ್ತಲಲ್ಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುದುಕಿಯ ಸೊಟ್ಟ ಕೈ ತಾನಾಗಿ ಎದೆಯ ಮೇಲಕ್ಕೆ ಹೋಯಿತು. ಹೋದದ್ದು ಎಡಗಡೆಗೆ.

"ಏನು ಮಾತಾಡ್ತಿದೀರಿ ಮೇಡಂ?" ಎಂದಳು ಸೊಸೆ.

"ನಿನ್ನ ಮಾವ ಮರ ಮುಟ್ಟದೇ ಇದ್ದದ್ದು ಆಣೆಗಲ್ಲ," ಎಂದೆ. "ಅವರಿಗೆ ಆ ಕೆಲಸವೇ ಗೊತ್ತಿರಲಿಲ್ಲ. ಕತ್ತು, ಕೈ ಎಲ್ಲಾ ಸುಟ್ಟಿದ್ದು ಹಬೆಗೆ. ಅವರು ಬಾಯ್ಲರ್‌ನವರು. ಆ ಕಂಚಿನ ಪದಕ ಅವರದೇ. ಅಮ್ಮ, ನಾನು ಸುಳ್ಳು ಹೇಳ್ತಿದ್ದರೆ ಈಗಲೇ ಬೈದು ಕಳಿಸಿ."

ಮುದುಕಿ ಬೈಯಲಿಲ್ಲ. ಮಾತು ಶುರುಮಾಡಿದಾಗ ದನಿ ಗಟ್ಟಿಯಾಗಿತ್ತು. ಅಷ್ಟು ವರ್ಷ ಒಳಗೇ ಹೇಳಿಕೊಂಡು ಹೇಳಿಕೊಂಡು ಸವೆದ ಮಾತು ಅದು.

"ಆಸ್ಪತ್ರೆಗೆ ಕರೆಸಿದ್ರು ತಾಯಿ. ಹೊಟ್ಟೇಲಿ ಕೂಸು. ಹಡಗಿಂದ ಒಬ್ಬನೇ ಸಿಕ್ಕಿದಾನೆ, ಕೋಟಿನ ಕಾಲರಿನಲ್ಲಿ ನಿನ್ನ ಗಂಡನ ಹೆಸರಿದೆ ಅಂದ್ರು. ಓಡಿಕೊಂಡು ಹೋದೆ. ಮುಖ ಪೂರ್ತಿ ಬ್ಯಾಂಡೇಜು. ಕಣ್ಣು ನೋಡಿದ್ ತಕ್ಷಣ ಗೊತ್ತಾಯ್ತು, ನನ್ನೋನಲ್ಲ."

"ಕೋಟು?"

"ಸುಟ್ಟು ನಡುಗ್ತಾ ಇದ್ದವನಿಗೆ ನನ್ನ ಗಂಡ ತನ್ನ ಕೋಟು ಹೊದಿಸಿದ್ನಂತೆ. ಅಂಥ ಮನುಷ್ಯ ಅವನು. ಪಕ್ಕದಲ್ಲಿ ಅಧಿಕಾರಿ ನಿಂತಿದ್ದ. ಇವನು ಮುಷ್ಟಿ ಬಿಚ್ಚಿ ಒಂದು ಪದಕ ತೋರಿಸ್ದ ನಂಗೆ. ನನ್ನ ಗಂಡ ಪ್ರತಿ ಸಲ ಪದಕಗಳನ್ನ ನನ್ನ ಕೈಗೆ ಕೊಟ್ಟು ಹಡಗು ಹತ್ತೋನು. ಇವನಿಗೆ ಬಿಟ್ಟು ಬರೋಕೆ ಮನೆ ಅಂತ ಒಂದು ಇರಲಿಲ್ಲ, ಒಳಜೇಬಲ್ಲೇ ಇಟ್ಕೊಂಡಿದ್ದ. ಅಂಚಿನಲ್ಲಿ ಇವನ ಹೆಸರಿತ್ತು. ನಾನು ನಿನ್ನ ಗಂಡ ಅಲ್ಲ ಅಂತ ತೋರಿಸೋಕೆ ಬಿಚ್ಚಿದ್ದು ಅದನ್ನ. ಅವನು ಸುಳ್ಳು ಹೇಳಲಿಲ್ಲ ತಾಯಿ. ಅಧಿಕಾರಿ ಕೇಳ್ದ, ಇವರೇನಾ ನಿಮ್ಮ ಮನೆಯವರು ಅಂತ. ಇಲ್ಲ ಅಂದಿದ್ರೆ ಆ ಗಳಿಗೆಗೆ ನಾನು ವಿಧವೆ, ಕೂಸು ತಬ್ಬಲಿ. ಆ ಮುಷ್ಟಿ ಮುಚ್ಚಿದೆ. ಹೌದು ಅಂದೆ."

ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು.

"ಅವನು ನನ್ನ ಚೆನ್ನಾಗಿ ನೋಡ್ಕೊಂಡ," ಎಂದಳು. "ಮಗನ್ನ ಹೆಗಲ ಮೇಲೆ ಹೊತ್ತು ಬೆಳೆಸ್ದ. ಇಲ್ಲಿಗೆ ಬಂದ ಮೇಲೆ ಒಂದೇ ಒಂದು ಕೇಳ್ದ, ನನ್ನ ಪದಕಾನ ಬಲಗಡೆಯಾದ್ರೂ ಹಾಕ್ಕೊಳ್ಲಾ ಅಂತ. ತನ್ನ ಹೆಸರು ತಾನೇ ಕಲ್ಲಿಗೆ ತಿಕ್ಕಿ ಅಳಿಸ್ದ. ಬದುಕಿದ್ದಾಗಲೇ ತನ್ನ ಶ್ರಾದ್ಧ ತಾನು ಮಾಡ್ಕೊಂಡ ಹಾಗೆ."

ನನಗೆ ಅಳು ಬಂತು. ಪತ್ತೇದಾರಿ ಮಾಡುವವಳಿಗೆ ಬರಬಾರದು, ಬಂತು. ಆದರೆ ಗೋಡೆಯ ಗಡಿಯಾರ ನನ್ನ ಅಳುವಿಗೆ ಕಾಯುತ್ತಿರಲಿಲ್ಲ.

ಸೊಸೆ ಹೊಸ್ತಿಲಿನಿಂದ ಎದ್ದು ನಿಂತಿದ್ದಳು. "ಹಾಗಾದ್ರೆ ಅತ್ತೆ, ನನ್ನ ಗಂಡ..."

"ಬಡಗಿಯ ಮಗ. ನೀನು ಮಾವ ಅಂತ ಕರೆದವನು ಅವನನ್ನ ಸಾಕಿದವನು."

"ಅಮ್ಮ," ಎಂದೆ, "ಈ ನಿಜ ಗೊತ್ತಿದ್ದವರು ಯಾರು ಯಾರು?"

"ನಾನು. ಅವನು."

"ನಿಮ್ಮ ಬೆರಳಿಗೆ ಪಿನ್ನು ತೆಗೆಯೋಕಾಗಲ್ಲ. ಅವರು ಸತ್ತು ಬಿದ್ದಿದ್ರು. ಹಾಗಾದ್ರೆ ಆ ಕಂಚಿನ ಪದಕಾನ ಬಲದಿಂದ ಎಡಕ್ಕೆ ಚುಚ್ಚಿದವರು ಯಾರು? ಆ ನಾಲ್ಕನ್ನ ಬಿಚ್ಚಿಕೊಂಡು ಹೋದವರು ಯಾರು?"

ಮುದುಕಿ ಸೊಟ್ಟ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾನು ಹೇಳಲಾ? ಕದ್ದವನಲ್ಲ. ತನ್ನದನ್ನ ತಾನು ತಗೊಂಡವನು. ಅದಕ್ಕೇ ಅವನು ಇನ್ನೊಬ್ಬನದನ್ನ ಮುಟ್ಟಲಿಲ್ಲ, ಇರಬೇಕಾದ ಜಾಗಕ್ಕೆ ಚುಚ್ಚಿಟ್ಟ. ಹಡಗಿಂದ ಬದುಕಿ ಬಂದವನು ಒಬ್ಬನೇ ಅಲ್ಲ, ಅಲ್ವಾ ಅಮ್ಮ? ನಿಮ್ಮ ಗಂಡ ಬದುಕಿದಾನೆ."



ಸೊಸೆ ಅತ್ತೆಯ ಕಾಲ ಬಳಿ ಕುಸಿದಳು. "ಅತ್ತೆ, ಹೇಳಿಬಿಡಿ. ಸಂಜೆ ವ್ಯಾನ್ ಬರುತ್ತೆ. ನಿಮ್ಮ ಮಗನ್ನ ಕೊಲೆಗಾರ ಅಂತ ಕರ್ಕೊಂಡು ಹೋಗ್ತಾರೆ. ನೀವು ಒಂದು ಮಾತು ಹೇಳಿದ್ರೆ ಸಾಕು."

"ಏನು ಹೇಳಲಿ?" ಮುದುಕಿ ಚೀರಿದಳು. "ಮಗನ್ನ ಬಿಡಿಸೋಕೆ ಅವನ ಅಪ್ಪನ್ನೇ ಹಿಡಿದು ಕೊಡು ಅಂತೀಯಾ? ಒಂದು ಸಲ ಅವನನ್ನ ಸಾಯಿಸಿದೀನಿ ನಾನು, ಆ ಆಸ್ಪತ್ರೆಯಲ್ಲಿ, ನನ್ನ ಬಾಯಾರೆ! ಮತ್ತೊಂದು ಸಲ ಸಾಯಿಸು ಅಂತೀಯಾ?"

ಬಿಸಿ ತುಪ್ಪ ಬಾಯಿಗೆ ಬಿದ್ದವರ ಪಾಡು ಅವಳದು, ನುಂಗಲೂ ಆಗದು ಉಗುಳಲೂ ಆಗದು. ನನಗೆ ಕನಿಕರ ಇಲ್ಲದಿರಲಿಲ್ಲ. ಆದರೆ ಲಾಕಪ್ಪಿನಲ್ಲಿ ಕೂತು ಇದೇ ಅಮ್ಮನ ಊಟ ವಿಚಾರಿಸಿದವನ ಮುಖ ಕಣ್ಣ ಮುಂದೆ ಬಂದು ಕನಿಕರವನ್ನು ಸಿಟ್ಟು ನುಂಗಿಹಾಕಿತು.

"ಅವನೆಲ್ಲಿದ್ದಾನೆ?"

"ಗೊತ್ತಿಲ್ಲ."

"ಅವನೇ ತಳ್ಳಿದ್ದಾ?"

"ಗೊತ್ತಿಲ್ಲ ಅಂದೆನಲ್ಲ!"

"ಸರಿ. ನಿಮ್ಮ ಮಗ ನೀವು ಊಟ ಮಾಡಿದ್ರಾ ಅಂತ ಕೇಳಿ ಕಳಿಸಿದ. ಮಾಡಿದ್ದಾರೆ, ಚೆನ್ನಾಗೇ ಇದ್ದಾರೆ ಅಂತ ಹೇಳ್ತೀನಿ."

ಕ್ರೂರವಾದ ಮಾತು. ಬೇಕೆಂದೇ ಆಡಿದೆ. ಸೊಸೆಯ ಕೈ ಹಿಡಿದು ಎಬ್ಬಿಸಿ ಹೊಸ್ತಿಲು ದಾಟಿದೆ. ಬೀದಿಯ ಜನ ಆಗಲೇ ಕತ್ತು ಉದ್ದ ಮಾಡಿ ಇಣುಕುತ್ತಿದ್ದರು. ನಿನ್ನೆ ಭುಜ ನೋಯಿಸಿದ ಬಾಗಿಲು ಅದು ಎಂಬುದು ನೆನಪಿತ್ತು. ಇದ್ದ ಸಿಟ್ಟನ್ನೆಲ್ಲ ಕೈಗೆ ಕೂಡಿಸಿ ಜೋರಾಗಿ ಎಳೆದೆ.

ಬಾಗಿಲು ಗಾಳಿಗೆ ಸಿಕ್ಕ ಕಾಗದದಂತೆ ಹಗುರಾಗಿ ಬಂದು ಪಟಾರನೆ ಮುಚ್ಚಿಕೊಂಡಿತು. ಬೆರಳು ಉಳಿದದ್ದೇ ಹೆಚ್ಚು.

ನಾನು ಬಾಗಿಲನ್ನೇ ನೋಡುತ್ತಾ ನಿಂತೆ. ಮೆಲ್ಲಗೆ ತಳ್ಳಿದೆ. ಸದ್ದಿಲ್ಲದೆ ತೆರೆಯಿತು. ಮತ್ತೆ ಎಳೆದೆ. ಸದ್ದಿಲ್ಲದೆ ಕೂತಿತು. ಸೊಸೆ ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಅವಳು ಮದುವೆಯಾಗಿ ಬಂದ ದಿನದಿಂದ ಒಮ್ಮೆಯೂ ನೆಟ್ಟಗೆ ಮುಚ್ಚದ ಬಾಗಿಲು.

ಅಂಚಿನ ಮೇಲೆ ಕೈಯಾಡಿಸಿದೆ. ಹಳೆಯ ಬಣ್ಣ ಹೋಗಿ ಹಸಿಯಾದ ಬಿಳಿ ಮರ ಕಾಣುತ್ತಿತ್ತು. ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ, ಒಂದು ಗೀರು ಇಲ್ಲದಂತೆ ಕೀಸಿದ್ದರು. ಒಳಗೆ ಕಾಲೊರೆಸುವ ಚಾಪೆಯ ತುದಿ ಎತ್ತಿದೆ. ಗುಡಿಸುವಾಗ ತಪ್ಪಿಸಿಕೊಂಡ ತೆಳ್ಳನೆಯ ಮರದ ಸುರುಳಿ ಒಂದು ಅಲ್ಲಿ ಬಿದ್ದಿತ್ತು.

ಸಾವು ನಡೆದ ಮನೆಗೆ ಪೊಲೀಸರು ಯಾವ ಗಳಿಗೆಯಲ್ಲಾದರೂ ಬರಬಹುದಾಗಿರುವಾಗ, ತಲೆಮರೆಸಿಕೊಂಡ ಯಾವನೂ ಕೂತು ಬಾಗಿಲು ಸರಿಮಾಡುವುದಿಲ್ಲ. ಕಚ್ಚಿಕೊಳ್ಳುವ ಬಾಗಿಲನ್ನು ನೋಡಿಯೂ ಸುಮ್ಮನಿರಲು ಆಗದವನೊಬ್ಬನನ್ನು ಬಿಟ್ಟು.

ಎರಡು ತಟ್ಟೆ. ಒಡೆದ ಹಾಲು. ಒಳಗೆ ಹೋಗಬೇಡ.

"ಅಮ್ಮ," ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು, "ಈ ಬಾಗಿಲು ಯಾರು ಸರಿ ಮಾಡಿದ್ದು?"

ಮುದುಕಿ ಕಣ್ಣು ಮುಚ್ಚಿಕೊಂಡಳು. ಉತ್ತರ ಬಂದದ್ದು ಒಳಕೋಣೆಯ ಪರದೆಯ ಹಿಂದಿನಿಂದ.

"ಮೇಲ್ಗಡೆ ಇನ್ನೂ ಒಂಚೂರು ತಾಗುತ್ತೆ. ಬೆಳಕು ಸಾಲಲಿಲ್ಲ, ಬಿಟ್ಟೆ."

ಸೊಸೆಯ ಉಗುರು ನನ್ನ ತೋಳಿಗೆ ಕಚ್ಚಿಕೊಂಡಿತು. ಒಣಮರಕ್ಕೆ ಗರಗಸ ಹಾಕಿದಂಥ ಆ ಒರಟು ಗಂಟಲನ್ನು ನಾನು ಅದೇ ದಿನ ಠಾಣೆಯಲ್ಲಿ ಕೇಳಿದ್ದೆ. ಅದು ಲಾಕಪ್ಪಿನಲ್ಲಿದ್ದ ಅವಳ ಗಂಡನ ದನಿಯೇ, ಮುದಿಯಾಗಿ ಮಾತಾಡುತ್ತಿತ್ತು.